ಕೈ ಅಲ್ಲಿಗೆ ಯಾಕೆ ಹೋಯಿತು? ಆಹಾರ ಕಾರ್ಖಾನೆಯ ಯಂತ್ರಗಳು ಮತ್ತು ಕಳೆದುಹೋಗುವ ಬೆರಳುಗಳು

ಶಿಫ್ಟ್ ಮುಗಿಯಲು ಇನ್ನು ಇಪ್ಪತ್ತು ನಿಮಿಷ. ಪಫ್ಸ್, ಖಾರಿ ಮಾಡುವ ಒಂದು ಘಟಕ. ಹಿಟ್ಟನ್ನು ಹಾಳೆಯ ಹಾಗೆ ಲಟ್ಟಿಸುವ ಶೀಟರ್ ಯಂತ್ರದ ಎರಡು ರೋಲರ್‌ಗಳ ಮೇಲೆ ಹಿಟ್ಟು ಪದರಗಟ್ಟಿ ಅಂಟಿದೆ. ಮುಂದಿನ ಶಿಫ್ಟಿನವರಿಗೆ ಯಂತ್ರ ತೊಳೆದು ಕೊಡಬೇಕು. ಹೆಲ್ಪರ್ ಹುಡುಗ ಮೇಲಿನ ಕವರ್ ತೆಗೆದು ಪಕ್ಕಕ್ಕೆ ಒರಗಿಸಿದ್ದಾನೆ, ಕೈಯಲ್ಲಿ ಒದ್ದೆ ಬಟ್ಟೆ ಇದೆ, ಯಂತ್ರ ಓಡುತ್ತಲೇ ಇದೆ. ಆಫ್ ಮಾಡಿ ಒರೆಸಬಾರದೇನೋ ಅಂದರೆ ಅವನ ಬಳಿ ಉತ್ತರ ಸಿದ್ಧವಿತ್ತು: “ಅಣ್ಣಾ, ನಿಂತಿರೋ ರೋಲರ್‌ನಲ್ಲಿ ಮುಂದಿನ ಭಾಗ ಮಾತ್ರ ಕೈಗೆ ಸಿಗುತ್ತೆ. ಓಡ್ತಾ ಇದ್ರೆ ಬಟ್ಟೆ ಹಿಡ್ಕೊಂಡು ನಿಂತ್ರೆ ಸಾಕು, ಪೂರ್ತಿ ಕ್ಲೀನ್ ಆಗುತ್ತೆ.”

ಆಹಾರ ಕಾರ್ಖಾನೆಗಳಲ್ಲಿ ಹದಿನಾಲ್ಕು ವರ್ಷ ಮೇಂಟೆನೆನ್ಸ್ ಫಿಟ್ಟರ್ ಆಗಿ ದುಡಿದವನು ನಾನು. ಆ ಹುಡುಗನ ಮಾತಿಗೆ ಅವತ್ತು ನನ್ನಲ್ಲಿ ಎದುರುತ್ತರ ಇರಲಿಲ್ಲ. ಹುಷಾರು ಕಣೋ ಎಂದಷ್ಟೇ ಹೇಳಿ ಮುಂದೆ ಹೋದೆ. ಮೂರು ವಾರದ ಮೇಲೆ ಅದೇ ಹೊತ್ತಿಗೆ, ಅದೇ ಕೆಲಸದಲ್ಲಿ, ಬಟ್ಟೆಯ ಚುಂಗು ರೋಲರ್ ಸಂದಿಗೆ ಸಿಕ್ಕಿತು. ಬಟ್ಟೆಯ ಹಿಂದೆ ಕೈ ಹೋಯಿತು. ಬಲಗೈಯ ತೋರುಬೆರಳು, ನಡುಬೆರಳು ಎರಡೂ ಉಳಿಯಲಿಲ್ಲ. ಅವನಿಗೆ ಇಪ್ಪತ್ತು ವರ್ಷ. ವರದಿಯಲ್ಲಿ ಕಾರಣ ಎಂಬ ಕಡೆ “ಕಾರ್ಮಿಕನ ಅಜಾಗರೂಕತೆ” ಎಂದು ಬರೆದರು.

ಆ ಒಂದು ಪದ ಸುಳ್ಳು ಎಂದು ತೋರಿಸುವುದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಅವನು ಜಾಗರೂಕನಾಗಿಯೇ ಇದ್ದ. ಅವನು ಮಾಡುತ್ತಿದ್ದ ಕೆಲಸ ಕೈಯನ್ನು ಆ ಜಾಗಕ್ಕೆ ಕರೆಯುವಂಥದ್ದಾಗಿತ್ತು.

ರೋಲರ್ ಸಂದಿಯ ಲೆಕ್ಕ

ಎರಡು ರೋಲರ್‌ಗಳು ಒಂದರ ಎದುರು ಒಂದು ತಿರುಗುವಾಗ ಒಂದು ಬದಿಯಲ್ಲಿ ಅವು ವಸ್ತುವನ್ನು ಒಳಕ್ಕೆ ಎಳೆಯುತ್ತವೆ, ಇನ್ನೊಂದು ಬದಿಯಲ್ಲಿ ಹೊರಕ್ಕೆ ತಳ್ಳುತ್ತವೆ. ಒಳಕ್ಕೆ ಎಳೆಯುವ ಬದಿಯೇ ಅಪಾಯದ ಬಾಯಿ. ಕಬ್ಬಿನ ಗಾಣದಲ್ಲಿ, ಅವಲಕ್ಕಿ ಮಿಲ್ಲಿನಲ್ಲಿ, ಹಪ್ಪಳದ ಯಂತ್ರದಲ್ಲಿ, ಬೆಲ್ಟ್ ಪುಲ್ಲಿಯನ್ನು ಸೇರುವ ಜಾಗದಲ್ಲಿ, ಎರಡು ಗೇರ್‌ಗಳ ಹಲ್ಲು ಕೂಡುವ ಜಾಗದಲ್ಲಿ, ಎಲ್ಲೆಡೆ ಇರುವುದು ಇದೇ ಬಾಯಿ.

ಅದರ ವೇಗ ಎಷ್ಟು ಎಂದು ಲೆಕ್ಕ ಹಾಕೋಣ. ರೋಲರ್‌ನ ವ್ಯಾಸ 15 ಸೆಂ.ಮೀ., ನಿಮಿಷಕ್ಕೆ 60 ಸುತ್ತು ಎಂದಿಟ್ಟುಕೊಳ್ಳಿ. ನೋಡುವವರ ಕಣ್ಣಿಗೆ ಇದು ನಿಧಾನವಾಗಿ ತಿರುಗುವ ಯಂತ್ರ. ಅದರ ಸುತ್ತಳತೆ ಸುಮಾರು 47 ಸೆಂ.ಮೀ., ಸೆಕೆಂಡಿಗೆ ಒಂದು ಸುತ್ತು. ಬೆರಳು ಸಿಕ್ಕಿತು ಎಂದು ಮಿದುಳಿಗೆ ತಿಳಿದು, ಕೈ ಹಿಂದಕ್ಕೆಳೆಯಲು ಸ್ನಾಯು ಬಿಗಿಯುವುದಕ್ಕೆ ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡಿನಲ್ಲಿ ರೋಲರ್ ಸುಮಾರು 12 ಸೆಂ.ಮೀ. ನುಂಗಿರುತ್ತದೆ. ದೊಡ್ಡವರ ಕೈಯಲ್ಲಿ ಬೆರಳ ತುದಿಯಿಂದ ಮಣಿಕಟ್ಟಿನವರೆಗಿನ ಉದ್ದವೇ ಸುಮಾರು 18 ಸೆಂ.ಮೀ. ಕೂಗು ಕೇಳಿ ಪಕ್ಕದವನು ಓಡಿಬಂದು ಸ್ವಿಚ್ ಒತ್ತುವುದಕ್ಕೆ ಎರಡು ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ರೋಲರ್ 90 ಸೆಂ.ಮೀ. ದಾಟಿರುತ್ತದೆ. ಅದು ಒಂದು ಇಡೀ ತೋಳಿನ ಉದ್ದಕ್ಕಿಂತ ಹೆಚ್ಚು.

ಬಲದ ಲೆಕ್ಕ ಇನ್ನೂ ಕಠೋರ. ಅಂಥ ಯಂತ್ರಕ್ಕೆ ಎರಡು ಎಚ್‌ಪಿ ಮೋಟರ್ ಇದ್ದರೆ, ಗೇರ್‌ನಲ್ಲಿ ಕಳೆದುಹೋಗುವ ಶಕ್ತಿಯನ್ನು ಬಿಟ್ಟರೂ ರೋಲರ್ ಅಂಚಿನಲ್ಲಿ ಸುಮಾರು ಎರಡೂವರೆ ಕ್ವಿಂಟಲ್ ಎಳೆತ ಇರುತ್ತದೆ. ಕೈ ಎಳೆದುಕೊಂಡು ಬಿಡಿಸಿಕೊಳ್ಳುತ್ತೇನೆ ಎಂಬ ಮಾತೇ ಇಲ್ಲಿ ನಡೆಯುವುದಿಲ್ಲ. ಕೈ ಸಿಕ್ಕಮೇಲೆ ಹುಷಾರಿಗೆ ಬೆಲೆಯಿಲ್ಲ. ಏನಿದ್ದರೂ ಕೈ ಸಿಗದ ಹಾಗೆ ಮೊದಲೇ ಮಾಡಿಟ್ಟಿರಬೇಕು.

ಕೈಗವಸು ಹಾಕಿಕೊಂಡರೆ ಆಯಿತಲ್ಲ ಎನ್ನುವವರಿದ್ದಾರೆ. ಚಾಕು ಹಿಡಿದು ಮೀನು, ಮಾಂಸ ಕತ್ತರಿಸುವವರಿಗೆ ಉಕ್ಕಿನ ಬಲೆಯ ಗವಸು ನಿಜಕ್ಕೂ ರಕ್ಷೆ. ತಿರುಗುವ ಯಂತ್ರದ ಹತ್ತಿರ ಅದೇ ಗವಸು ಶತ್ರು. ಬರಿಗೈ ಆಗಿದ್ದರೆ ಜಾರಿ ತಪ್ಪಿಸಿಕೊಳ್ಳಬಹುದಾಗಿದ್ದ ಬೆರಳನ್ನು ಗವಸಿನ ತುದಿ ಒಳಕ್ಕೆ ಕರೆದೊಯ್ಯುತ್ತದೆ. ಸೆರಗು, ದುಪಟ್ಟಾ, ಜಡೆ, ಕೈದಾರ, ಉಂಗುರ, ಒರೆಸುವ ಬಟ್ಟೆ ಎಲ್ಲವೂ ಇದೇ ಸಾಲಿಗೆ ಸೇರಿದವು.

ಆಹಾರದ ಯಂತ್ರಕ್ಕೆ ಇರುವ ಬೇರೆ ಕಷ್ಟ

ಕಬ್ಬಿಣ ಕತ್ತರಿಸುವ ಯಂತ್ರವನ್ನು ವಾರಗಟ್ಟಲೆ ಬಿಚ್ಚದೆ ಓಡಿಸಬಹುದು. ಆಹಾರದ ಯಂತ್ರವನ್ನು ಹಾಗೆ ಬಿಡುವಂತಿಲ್ಲ. ಸಂದಿಯಲ್ಲಿ ಉಳಿದ ಹಿಟ್ಟು ರಾತ್ರಿ ಕಳೆಯುವಷ್ಟರಲ್ಲಿ ಹುಳಿಯುತ್ತದೆ, ಮಸಾಲೆಪುಡಿಗೆ ತೇವ ತಾಗಿದರೆ ಗಂಟು ಕಟ್ಟುತ್ತದೆ, ಮೀನಿನ ಚೂರು ಕೊಳೆಯುತ್ತದೆ. ಆದ್ದರಿಂದ ದಿನಕ್ಕೊಮ್ಮೆ, ಕೆಲವು ಕಡೆ ಪ್ರತಿ ಶಿಫ್ಟಿಗೊಮ್ಮೆ, ಯಂತ್ರವನ್ನು ಬಿಚ್ಚಿ ತೊಳೆಯಲೇಬೇಕು. ಅಂದರೆ ಅಪಾಯದ ಭಾಗಕ್ಕೆ ಕೈ ತಾಗದಂತೆ ಹಾಕಿದ ತಡೆ, ಗಾರ್ಡ್, ದಿನವೂ ಕಳಚುತ್ತದೆ. ಎಂಟು ಬೋಲ್ಟ್ ಬಿಚ್ಚಿ ತೆಗೆಯಬೇಕಾದ ಗಾರ್ಡ್ ಮೊದಲ ವಾರ ಎಂಟು ಬೋಲ್ಟ್‌ಗಳ ಮೇಲೆ ನಿಂತಿರುತ್ತದೆ, ಎರಡನೇ ವಾರ ಎರಡರ ಮೇಲೆ, ತಿಂಗಳಾಗುವಷ್ಟರಲ್ಲಿ ಗೋಡೆಗೆ ಒರಗಿರುತ್ತದೆ. ಇದನ್ನು ನಾನು ಎಷ್ಟು ಕಡೆ ಕಂಡಿದ್ದೇನೋ ಲೆಕ್ಕವಿಲ್ಲ. ಕೆಲಸಗಾರರ ಸೋಮಾರಿತನ ಎಂದು ಇದನ್ನು ಬಯ್ಯುವ ಮೊದಲು, ದಿನಾ ತೊಳೆಯಬೇಕಾದ ಜಾಗಕ್ಕೆ ಎಂಟು ಬೋಲ್ಟ್ ಇಟ್ಟವರನ್ನು ಕೇಳಬೇಕು.

ಎರಡನೆಯ ಕಷ್ಟ ಅಂಟು. ಹಿಟ್ಟು, ಬೆಲ್ಲ, ಹುಣಸೆ ಯಾವುದೂ ನೇರವಾಗಿ ಹರಿಯುವುದಿಲ್ಲ. ಮೇಲಿಂದ ಸುರಿಯುವ ತೊಟ್ಟಿಯ, ಅಂದರೆ ಹಾಪರ್‌ನ, ಕೊರಳಲ್ಲಿ ಕಮಾನು ಕಟ್ಟಿಕೊಂಡು ನಿಲ್ಲುತ್ತದೆ, ಕೆಳಗೆ ಅದನ್ನು ಮುಂದಕ್ಕೆ ತಳ್ಳುವ ಸ್ಕ್ರೂ ಬರಿದೇ ತಿರುಗುತ್ತಿರುತ್ತದೆ. ಅದನ್ನು ಕೆಡವಲು ಕೈಗೆ ಹತ್ತಿರ ಇರುವ ಸಾಧನ ಕೈಯೇ. ಕಮಾನು ಒಮ್ಮೆಲೇ ಕುಸಿದಾಗ ಅದರ ಜೊತೆ ಕೈಯೂ ಸ್ಕ್ರೂವಿನ ಸುರುಳಿಗೂ ತೊಟ್ಟಿಯ ಅಂಚಿಗೂ ನಡುವೆ ಇಳಿಯುತ್ತದೆ. ಅಲ್ಲಿ ಆಗುವುದು ಕತ್ತರಿಯ ಕೆಲಸ.

ಮೂರನೆಯದು, ಮುಟ್ಟಿ ನೋಡುವ ಅಭ್ಯಾಸ. ಹಿಟ್ಟಿನ ಹದ ಕಣ್ಣಿಗೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಒಳ್ಳೆಯ ಬೇಕರಿ ಕೆಲಸಗಾರ ಕಲಸುವ ಯಂತ್ರ ಓಡುತ್ತಿರುವಾಗಲೇ ಜಾಲರಿ ಎತ್ತಿ ಹಿಟ್ಟನ್ನು ಚಿವುಟಿ ನೋಡುತ್ತಾನೆ. ಅವನು ಕೆಲಸ ಬಲ್ಲವನು ಎನ್ನುವುದಕ್ಕೆ ಅದೇ ಗುರುತು. ಜಾಲರಿ ಎತ್ತಿದೊಡನೆ ಯಂತ್ರ ನಿಲ್ಲಬೇಕೆಂದು ಅಲ್ಲೊಂದು ಲಿಮಿಟ್ ಸ್ವಿಚ್ ಇರುತ್ತದೆ. ಪದೇಪದೇ ನಿಂತರೆ ಕೆಲಸ ಸಾಗುವುದಿಲ್ಲವೆಂದು ಅದಕ್ಕೊಂದು ಕಡ್ಡಿ ಸಿಕ್ಕಿಸಿ ಟೇಪ್ ಸುತ್ತಿರುತ್ತಾರೆ. ಯಂತ್ರ ಇರುವ ಘಟಕಕ್ಕೆ ಹೋದರೆ ನಾನು ಮೊದಲು ನೋಡುವುದು ಆ ಟೇಪನ್ನು.

ಕರೆಂಟ್ ಹೋದಾಗ

ನಮ್ಮ ಕಡೆಯ ಸಣ್ಣ ಮಿಲ್ಲುಗಳಲ್ಲಿ ಇನ್ನೊಂದು ದಾರಿಯಲ್ಲಿ ಕೈ ಹೋಗುತ್ತದೆ. ಹಾಪರ್ ತುಂಬಿರುವಾಗಲೇ ಕರೆಂಟ್ ಹೋಗುತ್ತದೆ. ಯಂತ್ರ ನಿಂತಿತಲ್ಲ, ಇದೇ ಸಮಯ ಎಂದು ಒಳಗೆ ಕೈ ಹಾಕಿ ಸಿಕ್ಕಿಕೊಂಡದ್ದನ್ನು ತೆಗೆಯಲು ಹೊರಡುತ್ತಾರೆ. ಅಷ್ಟರಲ್ಲಿ ಕರೆಂಟ್ ಬರುತ್ತದೆ.

ಹಸಿರು, ಕೆಂಪು ಬಟನ್ ಇರುವ ಸರಿಯಾದ ಸ್ಟಾರ್ಟರ್ ಆದರೆ ಕರೆಂಟ್ ಹೋದೊಡನೆ ಒಳಗೆ ಮೋಟರ್‌ಗೆ ಕರೆಂಟ್ ಜೋಡಿಸುವ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ. ಮತ್ತೆ ಕರೆಂಟ್ ಬಂದರೂ ಯಾರಾದರೂ ಹಸಿರು ಬಟನ್ ಒತ್ತುವವರೆಗೆ ಮೋಟರ್ ಅಲುಗಾಡುವುದಿಲ್ಲ. ಆದರೆ ಬರೀ ತಿರುಗಿಸುವ ಸ್ವಿಚ್ ಹಾಕಿದ ಕಡೆ, ಅಥವಾ ತೋಟದ ಪಂಪ್‌ಸೆಟ್‌ಗೆ ಹಾಕುವ ಆಟೋ ಸ್ಟಾರ್ಟರನ್ನೇ ಮಿಲ್ಲಿಗೂ ತಂದು ಕೂರಿಸಿದ ಕಡೆ, ಕರೆಂಟ್ ಬಂದದ್ದೇ ತಡ ಯಂತ್ರ ತಾನಾಗಿ ಹೊರಡುತ್ತದೆ. ಪಂಪ್‌ಸೆಟ್‌ಗೆ ಅನುಕೂಲವಾದದ್ದು ಗಿರಣಿಗೆ ಮೃತ್ಯು. ನಿಮ್ಮ ಮಿಲ್ಲಿನಲ್ಲಿ ಯಾವುದಿದೆ ಎಂದು ತಿಳಿಯುವುದು ಸುಲಭ: ಯಂತ್ರ ಖಾಲಿ ಓಡುತ್ತಿರುವಾಗ ಮೇನ್ ಆಫ್ ಮಾಡಿ, ಅದು ಪೂರ್ತಿ ನಿಂತಮೇಲೆ ಎಲ್ಲರೂ ದೂರ ಸರಿದು ಮತ್ತೆ ಆನ್ ಮಾಡಿ ನೋಡಿ. ತಾನಾಗಿ ಹೊರಟರೆ ಅವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಇದರ ತದ್ವಿರುದ್ಧವೂ ಉಂಟು. ಮೆಣಸಿನಪುಡಿ ಮಾಡುವ ಪಲ್ವರೈಸರ್ ಆಫ್ ಮಾಡಿದ ಮೇಲೂ ಒಳಗಿನ ಭಾರವಾದ ಚಕ್ರ ತಿರುಗುತ್ತಲೇ ಇರುತ್ತದೆ. ಮೋಟರ್ ಸದ್ದು ನಿಂತಿತೆಂದು ಬಾಗಿಲು ತೆಗೆದವರಿಗೆ ಗಾಯವಾಗುವುದು ಹೀಗೆ. ಪೌಚ್ ಪ್ಯಾಕಿಂಗ್ ಯಂತ್ರದಲ್ಲಿ ಕರೆಂಟ್ ತೆಗೆದರೂ ಕಂಪ್ರೆಸರ್‌ನ ಗಾಳಿ ಪೈಪಿನೊಳಗೆ ಒತ್ತಡದಲ್ಲೇ ಉಳಿದಿರುತ್ತದೆ. ಸಿಕ್ಕಿಕೊಂಡ ಕವರ್ ಬಿಡಿಸಿದ ಕೂಡಲೇ, ಕವರ್ ಅಂಟಿಸುವ ಬಿಸಿ ದವಡೆ ಟಪ್ಪನೆ ಮುಚ್ಚಿ ಬೆರಳನ್ನು ಜಜ್ಜುವುದೂ ಸುಡುವುದೂ ಒಟ್ಟಿಗೆ ಆಗುತ್ತದೆ.

ತಡೆಯುವುದು ಹೇಗೆ

ಗಾರ್ಡ್ ಅಂದರೆ ಬರೀ ಮುಚ್ಚಳವಲ್ಲ, ಅದರಲ್ಲೊಂದು ಅಳತೆ ಇದೆ. ಜಾಲರಿಯ ಸೀಳು ಎಷ್ಟು ಅಗಲವೋ ಅದಕ್ಕೆ ತಕ್ಕಂತೆ ಅಪಾಯದ ಜಾಗ ಅಷ್ಟು ದೂರ ಇರಬೇಕು. 6 ಮಿ.ಮೀ. ಸೀಳಿನಲ್ಲಿ ಬೆರಳ ತುದಿ ಮಾತ್ರ ಹೋಗುತ್ತದೆ, 10 ಮಿ.ಮೀ. ಅಂತರ ಸಾಕು. 12 ಮಿ.ಮೀ. ಸೀಳಿನಲ್ಲಿ ಇಡೀ ಬೆರಳು ಇಳಿಯುತ್ತದೆ, ಅದಕ್ಕೆ 100 ಮಿ.ಮೀ. ಬೇಕು. 20 ದಾಟಿ 30 ಮಿ.ಮೀ.ವರೆಗಿನ ಉದ್ದ ಸೀಳಾದರೆ ತೋಳೇ ತೂರುತ್ತದೆ, ಆಗ 850 ಮಿ.ಮೀ. ಐಎಸ್‌ಒ 13857 ಎಂಬ ಅಂತರರಾಷ್ಟ್ರೀಯ ಮಾನದಂಡದ ಅಳತೆ ಇದು. ಇನ್ನೊಂದು ಉದಾಹರಣೆ ನಮ್ಮ ಹೊಲದಲ್ಲೇ ಇದೆ. ಒಕ್ಕಣೆ ಯಂತ್ರಗಳು ರೈತರ ಕೈ ನುಂಗುವುದು ಹೆಚ್ಚಾಗಿ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ಮಾಡಬೇಕಾಯಿತು. ತೆನೆ ತುರುಕುವ ಬಾಯಿ ಕನಿಷ್ಠ 90 ಸೆಂ.ಮೀ. ಉದ್ದ ಇರಬೇಕು, ಅದರಲ್ಲಿ 45 ಸೆಂ.ಮೀ. ಮುಚ್ಚಿರಬೇಕು ಎಂಬುದು ಅಂಥ ಯಂತ್ರಕ್ಕಿರುವ ಭಾರತೀಯ ಮಾನದಂಡ. ಕೈ ಎಷ್ಟು ಉದ್ದವೋ ಬಾಯಿ ಅದಕ್ಕಿಂತ ಉದ್ದ, ವಿಷಯ ಇಷ್ಟೇ. ಕಬ್ಬಿನ ಹಾಲಿನ ಅಂಗಡಿಯ ಗಾಣಕ್ಕೂ ಮಾಂಸ ಅರೆಯುವ ಯಂತ್ರದ ಕೊರಳಿಗೂ ಇದೇ ತರ್ಕ ಸಲ್ಲುತ್ತದೆ. ತಳ್ಳಲು ಒಂದು ಮರದ ಕೋಲು ಕೊಟ್ಟರೆ ಬೆರಳಿಗೆ ಅಲ್ಲಿ ಕೆಲಸವೇ ಇರುವುದಿಲ್ಲ.

ತೊಳೆಯುವ ಹೊತ್ತಿಗೆ ಇರುವ ಉಪಾಯ ಬೀಗ. ಕಾರ್ಖಾನೆಗಳಲ್ಲಿ ಲಾಕ್‌ಔಟ್ ಎನ್ನುತ್ತಾರೆ. ಯಂತ್ರದ ಕರೆಂಟನ್ನು ಪೂರ್ತಿ ಕಡಿಯುವ ಮೇನ್ ಸ್ವಿಚ್, ಅಂದರೆ ಐಸೊಲೇಟರ್, ಆಫ್ ಮಾಡಿ, ಅದರ ಹಿಡಿಗೆ ಬೀಗ ಹಾಕಿ, ಕೀಲಿಯನ್ನು ಕೈ ಹಾಕುವವನೇ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವುದು. ಇಬ್ಬರು ಕೆಲಸ ಮಾಡಿದರೆ ಎರಡು ಬೀಗ. ಆಮೇಲೆ ಗಾಳಿ ಬಿಡಬೇಕು, ಚಕ್ರ ನಿಲ್ಲುವವರೆಗೆ ಕಾಯಬೇಕು, ಕೊನೆಗೆ ಹಸಿರು ಬಟನ್ ಒತ್ತಿ ಯಂತ್ರ ಹೊರಡುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಜನ ಬಿಟ್ಟುಬಿಡುವುದು ಈ ಕೊನೆಯ ಹೆಜ್ಜೆಯನ್ನೇ. ಪ್ಯಾನಲ್ ಮೇಲಿನ ಹೆಸರಿನ ಪಟ್ಟಿ ತಪ್ಪಾಗಿದ್ದು ಪಕ್ಕದ ಯಂತ್ರಕ್ಕೆ ಬೀಗ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಲದು. ಅದನ್ನು ಯಾರು ಬೇಕಾದರೂ ತಿರುಗಿಸಿ ಬಿಡಿಸಬಹುದು, ಬೀಗವನ್ನು ಹಾಗೆ ಬಿಡಿಸಲಾಗದು.

ಹಾಗಾದರೆ ಆ ಹುಡುಗನ ಪ್ರಶ್ನೆ? ನಿಂತ ರೋಲರ್‌ನ ಹಿಂಬದಿ ಒರೆಸುವುದು ಹೇಗೆ? ಇದಕ್ಕೆ ಉತ್ತರ ಇದೆ, ನನಗೆ ಅವತ್ತು ಗೊತ್ತಿರಲಿಲ್ಲ ಅಷ್ಟೇ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ, ಅದೂ ಬಸವನಹುಳುವಿನ ಹಾಗೆ, ತಿರುಗುವ ಇಂಚಿಂಗ್ ಬಟನ್ ಬೇಕು. ಅದನ್ನು ಒತ್ತಲು ಎರಡು ಕೈಯೂ ಬೇಕಾಗುವಂತೆ ದೂರದಲ್ಲಿ ಕೂರಿಸಬೇಕು. ಸ್ವಲ್ಪ ತಿರುಗಿಸಿ, ಬಿಟ್ಟು, ಬೀಗ ಹಾಕಿ, ಕಂಡಷ್ಟು ಭಾಗ ಒರೆಸಿ, ಮತ್ತೆ ತಿರುಗಿಸುವುದು. ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಆ ಹದಿನೈದು ನಿಮಿಷವನ್ನು ಶಿಫ್ಟಿನ ಲೆಕ್ಕದಲ್ಲೇ ಮಾಲೀಕ ಕೊಡಬೇಕು. ಬದಲಿಗೆ ತೊಳೆಯುವ ಕೆಲಸವನ್ನು ಶಿಫ್ಟ್ ಮುಗಿಯುವ ಕೊನೆಯ ಅರ್ಧ ಗಂಟೆಗೆ ತಳ್ಳಿ, ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದರೆ ಯಾರಾದರೂ ಓಡುವ ರೋಲರ್‌ಗೇ ಬಟ್ಟೆ ಹಿಡಿಯುತ್ತಾರೆ. ಹೊರಕ್ಕೆ ತಳ್ಳುವ ಬದಿಯಲ್ಲಿ ಒರೆಸಿದರೆ ತೊಂದರೆಯಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ಶೀಟರ್ ಹಿಂದಕ್ಕೂ ಮುಂದಕ್ಕೂ ಓಡುವ ಯಂತ್ರ. ಅದರಲ್ಲಿ ಸುರಕ್ಷಿತ ಬದಿ ಎಂಬುದೇ ಇಲ್ಲ.

ಕಾಯ್ದೆ ಎಲ್ಲಿಯವರೆಗೆ ಬರುತ್ತದೆ

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತಿದ್ದದ್ದು ನೇರವಾಗಿತ್ತು: ಅಪಾಯದ ಭಾಗಕ್ಕೆ ಗಟ್ಟಿ ತಡೆ ಇರಬೇಕು, ಯಂತ್ರ ಓಡುವಷ್ಟು ಹೊತ್ತೂ ಅದು ತನ್ನ ಜಾಗದಲ್ಲೇ ಇರಬೇಕು. ಓಡುವ ಭಾಗದಿಂದ ಗಾಯವಾಗುವಂತಿದ್ದರೆ ಹೆಂಗಸರಿಂದಲೂ 18 ತುಂಬದವರಿಂದಲೂ ಯಂತ್ರ ಸ್ವಚ್ಛ ಮಾಡಿಸುವಂತಿಲ್ಲ ಎಂದು 22ನೇ ಸೆಕ್ಷನ್ ಹೇಳುತ್ತಿತ್ತು. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಲಾಗದ ಗಾಯವಾದರೆ ಇಲಾಖೆಗೆ ತಿಳಿಸಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಆದರೆ ಆ ಕಾಯ್ದೆಗೆ ಕಾರ್ಖಾನೆ ಎಂದರೆ ಕರೆಂಟ್ ಬಳಸಿ ಕನಿಷ್ಠ 10 ಜನ ದುಡಿಯುವ ಜಾಗವಾಗಿತ್ತು. 2025ರ ನವೆಂಬರ್ 21ರಂದು ಅದರ ಬದಲು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಅದು 20ಕ್ಕೆ ಏರಿದೆ. 10 ಜನರಿರುವ ಸಂಸ್ಥೆಗೂ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಇವೆ ನಿಜ. ಅದಕ್ಕೂ ಚಿಕ್ಕವು? ಕಿರು ಆಹಾರ ಉದ್ದಿಮೆಗಳಿಗೆ ನೆರವಾಗಲು ಕೇಂದ್ರ 2020ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಯಂತ್ರಕ್ಕೆ ಶೇ. 35ರಷ್ಟು ಸಹಾಯಧನ ಸಿಗುತ್ತದೆ, ಕರ್ನಾಟಕ ಅದಕ್ಕೆ ಶೇ. 15 ಸೇರಿಸುತ್ತದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಎಣ್ಣೆಗಾಣ, ರೊಟ್ಟಿ ಯಂತ್ರ, ಸಿರಿಧಾನ್ಯದ ಮಿಲ್ ಹಾಕಿ ಗೆದ್ದದ್ದನ್ನು ಕಂಡು ನನಗೆ ಹೆಮ್ಮೆಯಾಗುತ್ತದೆ. ಅಲ್ಲಿ ದುಡಿಯುವವರು ನಾಲ್ಕೈದು ಜನ. ಆಹಾರದ ಶುಚಿ ನೋಡುವ ಅಧಿಕಾರಿ ಅಲ್ಲಿಗೆ ಬರಬಹುದು. ಕೈ ಉಳಿಯುತ್ತದೆಯೇ ಎಂದು ನೋಡುವವರು ಬರುವ ದಾರಿಯೇ ಇಲ್ಲ. ಸಹಾಯಧನ ಕೊಡುವ ಮುನ್ನ ಗಾರ್ಡ್, ಸ್ಟಾರ್ಟರ್, ಬೀಗ ಹಾಕುವ ಐಸೊಲೇಟರ್ ಇವು ಮೂರನ್ನು ಪರೀಕ್ಷಿಸುವ ಷರತ್ತು ಹಾಕಿದರೆ ಎಷ್ಟೋ ಬೆರಳು ಉಳಿಯುತ್ತವೆ ಎಂದು ನನ್ನ ನಂಬಿಕೆ.

ದೊಡ್ಡ ಸಾವುಗಳು ಸುದ್ದಿಯಾಗುತ್ತವೆ. 2022ರ ಏಪ್ರಿಲ್‌ನಲ್ಲಿ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದ ತ್ಯಾಜ್ಯ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದ 5 ಜನ ವಿಷಗಾಳಿಗೆ ಸಿಕ್ಕಿ ಸತ್ತರು. ಒಬ್ಬ ಬಿದ್ದ, ಎತ್ತಲು ಹೋದವರೂ ಹೋದರು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಘಟಕವೊಂದರಲ್ಲಿ ಮೆಕ್ಕೆಜೋಳದ ರಾಶಿಯಡಿ ಬಿಹಾರದ 7 ಜನ ಹೂತುಹೋದರು. ಎರಡೂ ದುರಂತಗಳಲ್ಲಿ ಸತ್ತವರು ದೂರದಿಂದ ಬಂದವರು ಎಂಬುದನ್ನು ಗಮನಿಸಿ. ಯಂತ್ರದ ಮೇಲಿನ ಎಚ್ಚರಿಕೆ ಚೀಟಿ ಇಂಗ್ಲಿಷಿನಲ್ಲಿ, ಸೂಪರ್‌ವೈಸರ್ ಮಾತು ಕನ್ನಡದಲ್ಲಿ, ಕೈ ಹಾಕುವವನ ಮಾತು ಬಂಗಾಳಿ, ಒಡಿಯಾ ಅಥವಾ ಭೋಜಪುರಿ. ಒಂದು ಬೆರಳು ಹೋದದ್ದು ಮಾತ್ರ ಯಾವ ಪತ್ರಿಕೆಗೂ ಬರುವುದಿಲ್ಲ.

ಆದ ಮೇಲೆ

ಕೈ ಸಿಕ್ಕಿಕೊಂಡಿದ್ದರೆ ಮೊದಲು ಮೇನ್ ಆಫ್ ಮಾಡಿ. ರಿವರ್ಸ್ ಒತ್ತಬೇಡಿ, ಎಳೆಯಬೇಡಿ. ರೋಲರ್ ಬಿಗಿಯುವ ಬೋಲ್ಟ್ ಸಡಿಲಿಸಿ ಕೈ ಬಿಡಿಸಬೇಕು. ಆಗದಿದ್ದರೆ ಆ ಭಾಗವನ್ನೇ ಬಿಚ್ಚಿ ಕೈಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ಕಾಫಿಪುಡಿ, ಅರಿಶಿನ ಹಾಕಬೇಡಿ, ವೈದ್ಯರು ಅದನ್ನು ತೊಳೆದು ತೆಗೆಯಲೇ ಹೆಣಗಬೇಕಾಗುತ್ತದೆ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಇಡಿ. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಿದರೆ ಸತ್ತುಹೋಗುತ್ತದೆ. ಹೀಗೆ ತಂಪಾಗಿಟ್ಟ ಬೆರಳನ್ನು ಹಲವು ಗಂಟೆಗಳ ನಂತರವೂ ಜೋಡಿಸಲು ಸಾಧ್ಯವಿದೆ. ಮಣಿಕಟ್ಟಿನಿಂದ ಮೇಲೆ ತುಂಡಾದರೆ ಸ್ನಾಯು ಹೆಚ್ಚಿರುವುದರಿಂದ ಸಮಯ ಬಹಳ ಕಡಿಮೆ. ಕತ್ತರಿಸಿದ ಬೆರಳು ಕೂಡುವಷ್ಟು ಸುಲಭವಾಗಿ ಜಜ್ಜಿದ ಬೆರಳು ಕೂಡುವುದಿಲ್ಲ.

ಪರಿಹಾರಕ್ಕೆ 1923ರ ಕಾಯ್ದೆಯ ಕಾಲದಿಂದ ಬಂದ ಒಂದು ಪಟ್ಟಿ ಇದೆ. ದುಡಿಯುವ ಶಕ್ತಿಯಲ್ಲಿ ಆದ ನಷ್ಟ ಎಂದು ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಅಥವಾ ಕಿರುಬೆರಳಿಗೆ 7. ಒಂದು ಕೈಯ ಎರಡು ಬೆರಳು ಹೋದರೆ 20. ತಿಂಗಳ ಸಂಬಳದ ಶೇ. 60ನ್ನು ವಯಸ್ಸಿನ ಅಂಕದಿಂದ ಗುಣಿಸಿ, ಅದರಲ್ಲಿ ಈ ಪಾಲು ತೆಗೆಯುತ್ತಾರೆ. 20 ವರ್ಷಕ್ಕೆ ಅಂಕ 224. ಸಂಬಳ 15,000 ರೂಪಾಯಿ ಎಂದು ಹಿಡಿದರೆ ಎರಡು ಬೆರಳಿಗೆ 4,03,200 ರೂಪಾಯಿ. ಘಟಕ ಸಣ್ಣದು, ಕೆಲಸಗಾರ ಕಾಂಟ್ರಾಕ್ಟರ್ ಕಡೆಯವನು ಎಂಬ ಕಾರಣಕ್ಕೆ ಈ ಹೊಣೆ ತಪ್ಪುವುದಿಲ್ಲ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದವರಿಗೆ ಇದರ ಬದಲು ಅಲ್ಲಿಂದ ತಿಂಗಳ ಭತ್ಯೆ ಬರುತ್ತದೆ.

ಇದೆಲ್ಲ ನಿಲ್ಲುವುದು ಒಂದು ಚೀಟಿಯ ಮೇಲೆ. ಆಸ್ಪತ್ರೆಗೆ ಕರೆದೊಯ್ದವರು ಕಂಪನಿಯವರಾದರೆ ಹೊರರೋಗಿ ಚೀಟಿಯಲ್ಲಿ “ಬಾಗಿಲಿಗೆ ಸಿಕ್ಕಿ ಗಾಯ” ಎಂದು ಬರೆಸುವುದುಂಟು. ಖರ್ಚೆಲ್ಲ ನಾವೇ ನೋಡಿಕೊಳ್ಳುತ್ತೇವೆ, ಕೇಸು ಗೀಸು ಬೇಡ ಎಂದು ಹೊರಗೆ ಕೂತ ಅಪ್ಪ ಅಮ್ಮನಿಗೆ ಹೇಳುವುದುಂಟು. ಜೊತೆಗೆ ಹೋದವರು, ಸಹೋದ್ಯೋಗಿಯೇ ಆಗಲಿ ನೆಂಟರೇ ಆಗಲಿ, ವೈದ್ಯರ ಎದುರು ನಿಂತು ನಡೆದದ್ದನ್ನು ನಡೆದ ಹಾಗೆ ಬರೆಸಬೇಕು: ಯಾವ ಘಟಕ, ಯಾವ ಯಂತ್ರ, ಎಷ್ಟು ಗಂಟೆಗೆ, ಏನು ಕೆಲಸ ಮಾಡುತ್ತಿದ್ದಾಗ, ಗಾರ್ಡ್ ಇತ್ತೋ ಇಲ್ಲವೋ. ಮೆಡಿಕೋ ಲೀಗಲ್ ಕೇಸ್, ಅಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಪ್ರಕರಣ, ಎಂದು ನಮೂದಾಗಿದೆಯೇ ನೋಡಿ, ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ.